ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿರಬೇಕು

ವೇಲ್ಸ್‌ನಲ್ಲಿ ರಜೆ ಕಳೆಯಲು ಮನೆ ಹುಡುಕುವ ಸ್ನೇಹಿತರು ನನಗೆ ಫೋನು ಮಾಡಿದಾಗ ಮೊದಲು ಕೇಳುವುದು, ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ ಎಂದು. ಆಮೇಲೆ ಹಾಟ್ ಟಬ್, ವೈಫೈ, ಕಾರು ನಿಲ್ಲಿಸುವ ಜಾಗ. ಇವೆಲ್ಲ ಬೇಕಾದವೇ. ಆದರೆ ಈಗ ನಾನು ಮನೆ ಗೊತ್ತುಮಾಡುವ ಮುನ್ನ ವಿಚಾರಿಸುವುದು ಬೇರೆಯದೇ ಸಂಗತಿ: ಮನೆಯ ಯಜಮಾನರು ಎಲ್ಲಿ ವಾಸವಾಗಿದ್ದಾರೆ? ನವೆಂಬರ್ ತಿಂಗಳ ಸಂಜೆ ಅಕ್ಕಪಕ್ಕದ ಮನೆಗಳಲ್ಲಿ ದೀಪ ಹತ್ತುತ್ತದೆಯೇ? ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿದ ಮೇಲೆ ವೇಲ್ಸ್‌ನ ಹಳ್ಳಿಗಳಿಗೂ ಕರಾವಳಿಗೂ ಬೇರೆ ಬೇರೆ ಋತುಗಳಲ್ಲಿ ಹೋಗಿ ಉಳಿದು, ಮಳೆಯಲ್ಲಿ ನೆನೆದು, ಬೆಂಕಿಯ ಮುಂದೆ ಮೈ ಕಾಯಿಸಿಕೊಂಡು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ. ಮನೆ ಎಷ್ಟು ಬೆಚ್ಚಗಿರುತ್ತದೆ ಎಂಬುದೂ ಬಹುಮಟ್ಟಿಗೆ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ.

ಕಾರಣ ಗೋಡೆಗಳಲ್ಲಿದೆ. ರೈತರ ಮನೆಯಿರಲಿ, ಗಣಿ ಕೆಲಸದವರ ಮನೆಯಿರಲಿ, ಮೀನುಗಾರರ ಮನೆಯಿರಲಿ, ವೇಲ್ಸ್‌ನ ಹಳೆಯ ಮನೆಗಳ ಕಲ್ಲಿನ ಗೋಡೆ ಎರಡು ಅಡಿಯಷ್ಟು ದಪ್ಪ. ಮೇಲೆ ಸ್ಲೇಟ್ ಹೊದಿಸಿದ ಮಾಡು. ಕಿಟಕಿಗಳು ಚಿಕ್ಕವು. ಈ ಗೋಡೆ ಒಮ್ಮೆ ಕಾದರೆ ರಾತ್ರಿಯಿಡೀ ಶಾಖ ಬಿಡುತ್ತಿರುತ್ತದೆ. ಆದರೆ ಕಾಯುವುದಕ್ಕೆ ಒಂದೆರಡು ದಿನ ತೆಗೆದುಕೊಳ್ಳುತ್ತದೆ. ವಾರಗಟ್ಟಲೆ ಬೀಗ ಹಾಕಿದ್ದ ಮನೆಗೆ ಚಳಿಗಾಲದ ಶುಕ್ರವಾರ ಸಂಜೆ ಹೋಗಿ ಇಳಿದರೆ ರೇಡಿಯೇಟರ್ ಮುಟ್ಟಲಾಗದಷ್ಟು ಬಿಸಿಯಿರುತ್ತದೆ, ಹಾಸಿಗೆ ಮಾತ್ರ ತಣ್ಣಗೆ, ಸ್ವಲ್ಪ ಹಸಿಹಸಿ. ಮನೆ ಹದಕ್ಕೆ ಬರುವ ಹೊತ್ತಿಗೆ ಭಾನುವಾರ ಸಂಜೆ. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಬೀಗದ ಕೈ ವಾಪಸು ಕೊಡಬೇಕು.

ಅಂಗಳದ ಆಚೆ ಯಜಮಾನರೇ ಇದ್ದರೆ ಈ ಕಷ್ಟವಿಲ್ಲ. ಅವರು ಹಿಂದಿನ ದಿನವೇ ಹೀಟಿಂಗ್ ಹಾಕಿರುತ್ತಾರೆ, ಮಧ್ಯಾಹ್ನ ಬಂದು ಒಲೆಗೆ ಬೆಂಕಿ ಮಾಡಿರುತ್ತಾರೆ. ಬಾಗಿಲು ತೆಗೆಯುತ್ತಲೇ ಕಾದ ಕಲ್ಲಿನ, ಸೌದೆಯ ವಾಸನೆ ಬರುತ್ತದೆ. ಗೋಡೆಗೆ ಹೊಡೆದ ಪುಟ್ಟ ಪೆಟ್ಟಿಗೆಯಲ್ಲಿ ನಾಲ್ಕು ಅಂಕಿ ತಿರುಗಿಸಿ ಬೀಗದ ಕೈ ತೆಗೆದುಕೊಳ್ಳುವ ಮನೆಗಳಲ್ಲಿ ನಾವು ಹೇಗೂ ಒಳಗೆ ಹೋಗಬಹುದು, ಆದರೆ ಬೆಂಕಿ ಮಾಡಿಟ್ಟವರು ಯಾರೂ ಇರುವುದಿಲ್ಲ. ಈಗ ನಾನು ಬುಕ್ ಮಾಡುವಾಗಲೇ ಒಂದು ಸಾಲು ಬರೆಯುತ್ತೇನೆ: ನಾವು ಬರುವ ಹಿಂದಿನ ದಿನವೇ ಮನೆ ಕಾಯಿಸಲು ಆಗುತ್ತದೆಯೇ, ಅದರ ಖರ್ಚು ಕೊಡುತ್ತೇವೆ. ಉತ್ತರದ ದನಿಯಲ್ಲೇ ಆ ಮನೆಯನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದು ತಿಳಿದುಹೋಗುತ್ತದೆ.

ಸೌದೆ ಒಲೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಜಾಹೀರಾತಿನ ಪ್ರತಿ ಚಿತ್ರದಲ್ಲೂ ಅದು ಇರುತ್ತದೆ, ಹೇಗೆ ಉರಿಸುವುದು ಎಂದು ಮಾತ್ರ ಎಲ್ಲೂ ಇರುವುದಿಲ್ಲ. ನಾನು ಮಲೆನಾಡಿನವಳು, ಬಚ್ಚಲೊಲೆಗೆ ಬೆಂಕಿ ಹಾಕಿಯೇ ಬೆಳೆದವಳು. ಅಲ್ಲಿ ನಮ್ಮ ಕ್ರಮ ಕೆಳಗೆ ತರಗು, ಅದರ ಮೇಲೆ ಚಕ್ಕೆ, ಆಮೇಲೆ ದೊಡ್ಡ ಸೌದೆ. ಇಲ್ಲಿನ ಕಬ್ಬಿಣದ ಒಲೆಗೆ ಗಾಜಿನ ಬಾಗಿಲು, ಗಾಳಿ ಬಿಡಲು ಕೆಳಗೊಂದು ಮೇಲೊಂದು ಕಿಂಡಿ. ಮಧ್ಯ ವೇಲ್ಸ್‌ನ ಒಬ್ಬ ಕುರಿ ಸಾಕುವವರು ತಮ್ಮ ಹಳೆಯ ಕಣಜವನ್ನು ಅತಿಥಿಗಳ ಮನೆಯಾಗಿ ಮಾಡಿದ್ದರು. ಮೊಣಕಾಲೂರಿ ಕೂತು ಅವರು ತೋರಿಸಿಕೊಟ್ಟ ಕ್ರಮ ಪೂರ್ತಿ ತಿರುವುಮುರುವು. ಎರಡು ದಪ್ಪ ಸೌದೆ ಕೆಳಗೆ, ನಡುವೆ ಸ್ವಲ್ಪ ಗಾಳಿಯಾಡುವಷ್ಟು ಜಾಗ ಬಿಟ್ಟು. ಅದರ ಮೇಲೆ ಅಡ್ಡಡ್ಡ ತೆಳು ಸೀಳುಗಳು, ಇನ್ನೂ ಮೇಲೆ ಸಣ್ಣ ಚಕ್ಕೆ, ತುತ್ತತುದಿಯಲ್ಲಿ ಬೆಂಕಿ ಹಚ್ಚುವ ತುಂಡು. ಬೆಂಕಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಹೊಗೆ ಎದ್ದರೂ ಮೇಲಿನ ಉರಿಯಲ್ಲೇ ಹಾದುಹೋಗಬೇಕಾದ್ದರಿಂದ ಬಹುಪಾಲು ಅಲ್ಲೇ ಉರಿದುಹೋಗುತ್ತದೆ. ಹೊಗೆಗೂಡು ಬೇಗ ಕಾಯುತ್ತದೆ, ಕೋಣೆಯೊಳಕ್ಕೆ ಹೊಗೆ ತಿರುಗುವುದಿಲ್ಲ.

ಬೆಂಕಿ ಹತ್ತುವವರೆಗೆ ಎರಡೂ ಕಿಂಡಿ ತೆರೆದಿರಬೇಕು, ಹತ್ತಿದ ಮೇಲೆ ಕೆಳಗಿನದನ್ನು ಮುಚ್ಚಿ ಮೇಲಿನದನ್ನು ಹದ ಮಾಡಬೇಕು. ಗಾಜು ಕಪ್ಪಾಗತೊಡಗಿದರೆ ಒಂದೋ ಸೌದೆ ಹಸಿ, ಇಲ್ಲವೇ ಗಾಳಿ ಸಾಲದು. ರಾತ್ರಿಯಿಡೀ ಕೆಂಡ ಉಳಿಯಲೆಂದು ಗಾಳಿ ಪೂರ್ತಿ ಕಟ್ಟಿ ಮಲಗುವ ಅಭ್ಯಾಸ ಬೇಡವೇ ಬೇಡ. ಹಾಗೆ ಉರಿಯದೆ ಕಮರುವ ಸೌದೆಯ ಹೊಗೆ ಹೊಗೆಗೂಡಿನೊಳಗೆ ಟಾರಿನಂತೆ ಅಂಟಿ ಕೂರುತ್ತದೆ, ಮುಂದೊಂದು ದಿನ ಅದಕ್ಕೇ ಬೆಂಕಿ ಹತ್ತಬಹುದು. ಸೌದೆಯಲ್ಲಿ ನೀರಿನಂಶ 20%ಕ್ಕಿಂತ ಕಡಿಮೆ ಇರಬೇಕು. ಅಳೆಯುವ ಸಾಧನವಿಲ್ಲದಿದ್ದರೆ ಎರಡು ತುಂಡು ತೆಗೆದುಕೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿಯಾಗಿದ್ದರೆ ದಬ್ ಎನ್ನುತ್ತದೆ. ಬೂದಿ ತೆಗೆಯುವುದು ಮರುದಿನ, ಅದೂ ಲೋಹದ ಬಕೆಟ್ಟಿಗೆ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಬದುಕಿರುತ್ತದೆ. ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ ಎಂದು ಬಂದ ತಕ್ಷಣ ನೋಡಿ, ಅದರ ಗುಂಡಿ ಒತ್ತಿ ಸದ್ದು ಬರುತ್ತದೆಯೇ ಪರೀಕ್ಷಿಸಿ. ಮಕ್ಕಳಿರುವ ಮನೆಯವರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ.

ದಾರಿಯ ಮಾತು ಚಿಕ್ಕದರಲ್ಲಿ ಮುಗಿಸುತ್ತೇನೆ. ಮುಖ್ಯರಸ್ತೆ ಬಿಟ್ಟ ಮೇಲೆ ಒಂದೇ ಕಾರು ಹೋಗುವಷ್ಟು ದಾರಿ, ಎರಡೂ ಕಡೆ ಆಳೆತ್ತರದ ಬೇಲಿಗುಡ್ಡೆ, ಅಲ್ಲಲ್ಲಿ ಪಕ್ಕಕ್ಕೆ ಸರಿಯುವಷ್ಟು ಜಾಗ. ಕಾರನ್ನು ಹಿಂದಕ್ಕೆ ಓಡಿಸುವುದು ಚೆನ್ನಾಗಿ ಬರುವವರೇ ಸ್ಟಿಯರಿಂಗ್ ಹಿಡಿಯಲಿ. ಹಳ್ಳಿ ಪ್ರದೇಶದಲ್ಲಿ ಒಂದೇ ಪೋಸ್ಟ್‌ಕೋಡ್ ದೂರದೂರದ ಹಲವು ಮನೆಗಳಿಗೆ ಇರುತ್ತದೆ, ಫೋನಿನ ನಕ್ಷೆ ಯಾವುದೋ ಗದ್ದೆಯ ಗೇಟಿನ ಮುಂದೆ ನಿಲ್ಲಿಸಿ ನೀವು ತಲುಪಿದ್ದೀರಿ ಎನ್ನುತ್ತದೆ. ಹಿಂದೆ ಹಾಲಿನ ಕ್ಯಾನು ಇಡುತ್ತಿದ್ದ ಕಲ್ಲಿನ ಕಟ್ಟೆ ದಾಟಿ ಎಡಕ್ಕೆ ತಿರುಗಿ, ಕೆಂಪು ಟೆಲಿಫೋನ್ ಪೆಟ್ಟಿಗೆ ಸಿಕ್ಕಿದರೆ ಮುಂದೆ ಹೋಗಿದ್ದೀರಿ ಎಂದು ತಿಳಿಯಿರಿ, ಎಂದು ಯಜಮಾನರು ಬರೆದು ಕಳಿಸುವ ದಾರಿಯನ್ನು ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಳ್ಳುವುದು ಲೇಸು. ಕಣಿವೆಗೆ ಇಳಿದ ಮೇಲೆ ಸಿಗ್ನಲ್ ಇರುವುದಿಲ್ಲ. ಇನ್ನೊಂದು ವಿಷಯ: 2023ರ ಸೆಪ್ಟೆಂಬರ್‌ನಿಂದ ವೇಲ್ಸ್‌ನಲ್ಲಿ ಜನವಸತಿಯ ರಸ್ತೆಗಳ ಸಾಮಾನ್ಯ ವೇಗಮಿತಿ ಗಂಟೆಗೆ 20 ಮೈಲಿ. ಇಂಗ್ಲೆಂಡಿನ 30ರ ಅಭ್ಯಾಸದಲ್ಲಿ ಬರುವವರು ಗಡಿ ದಾಟುತ್ತಲೇ ಕಾಲು ಹಗುರ ಮಾಡಬೇಕು.

ಅಡುಗೆಮನೆಯಲ್ಲಿ ನಮ್ಮಂಥವರು ಗಮನಿಸಬೇಕಾದದ್ದು ಕೆಲವು ಇದೆ. ಈಚೆಗೆ ಹೆಚ್ಚಿನ ಕಡೆ ಇಂಡಕ್ಷನ್ ಒಲೆ. ನಮ್ಮ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯಾಗುವುದೇ ಇಲ್ಲ, ತಳ ಇಂಡಕ್ಷನ್‌ಗೆ ಒಗ್ಗುವ ಸ್ಟೀಲ್ ಕುಕ್ಕರ್ ಒಯ್ಯಬೇಕು. ಹಳ್ಳಿಯ ಹಲವು ಮನೆಗಳಿಗೆ ಊರಿನ ಚರಂಡಿ ಇಲ್ಲ, ಹಿತ್ತಿಲಲ್ಲಿ ಸೆಪ್ಟಿಕ್ ಟ್ಯಾಂಕ್. ಕರಿದ ಎಣ್ಣೆ, ತುಪ್ಪದ ಜಿಡ್ಡು ಸಿಂಕಿಗೆ ಸುರಿದರೆ ಮುಂದಿನ ವಾರದ ತೊಂದರೆ ಯಜಮಾನರ ಪಾಲಿಗೆ. ನಾನು ಬಾಣಲೆಯನ್ನು ಕಾಗದದಲ್ಲಿ ಒರೆಸಿ ತೊಳೆಯುತ್ತೇನೆ. ಎಷ್ಟೋ ಮನೆಗಳಿಗೆ ಗುಡ್ಡದ ಒರತೆಯ ನೀರು, ಇಲ್ಲವೇ ಕೊಳವೆಬಾವಿಯ ನೀರು, ಶುದ್ಧಮಾಡುವ ಯಂತ್ರದ ಮೂಲಕ ಬರುತ್ತದೆ. ಕುಡಿದು ನೋಡಿದರೆ ನಮ್ಮೂರ ಅಬ್ಬಿ ನೀರು ನೆನಪಾಗುತ್ತದೆ. ಕಸ ಬೇರ್ಪಡಿಸುವ ವಿಚಾರದಲ್ಲಿ ವೇಲ್ಸ್ ಬಹಳ ಕಟ್ಟುನಿಟ್ಟು: ಉಳಿದ ಅನ್ನ, ಸಿಪ್ಪೆ ಎಲ್ಲ ಚಿಕ್ಕ ಡಬ್ಬಿಗೆ, ಗಾಜು ಬೇರೆ, ಕಾಗದ ಬೇರೆ. ಹೊರಡುವ ಬೆಳಗ್ಗೆ ಇದಕ್ಕೆಂದೇ ಸ್ವಲ್ಪ ಹೊತ್ತು ಇಟ್ಟುಕೊಳ್ಳಬೇಕು.

ಮೇಜಿನ ಮೇಲೆ ಅತಿಥಿಗಳಿಗೆಂದು ಇಟ್ಟಿರುವ ತಟ್ಟೆಯೊಂದು ಸಿಗುವುದು ಯಜಮಾನರು ಹತ್ತಿರ ಇರುವ ಮನೆಗಳಲ್ಲೇ ಹೆಚ್ಚು. ಚಹಾದಲ್ಲಿ ನೆನೆಸಿದ ಒಣದ್ರಾಕ್ಷಿ ಹಾಕಿ ಬೇಯಿಸಿದ ಬಾರಾ ಬ್ರಿತ್, ಫ್ರಿಜ್ಜಿನಲ್ಲಿ ಹಾಲು, ಕೆಲವೊಮ್ಮೆ ಅವರದೇ ಕೋಳಿಯ ಮೊಟ್ಟೆ, ಮತ್ತು ವೆಲ್ಶ್ ಕೇಕು. ಹೆಸರು ಕೇಕಾದರೂ ಇದನ್ನು ಬೇಯಿಸುವುದು ಓವನ್ನಿನಲ್ಲಿ ಅಲ್ಲ, ದಪ್ಪ ಕಬ್ಬಿಣದ ಕಾವಲಿಯ ಮೇಲೆ. ಪೆಂಬ್ರೋಕ್‌ಶೈರ್‌ನ ಒಂದು ಹೈನುಗಾರರ ಮನೆಯಲ್ಲಿ ಅಜ್ಜಿಯೊಬ್ಬರು ನನ್ನ ಮಗಳನ್ನು ತಮ್ಮ ಅಡುಗೆಮನೆಗೆ ಕರೆದು ಕಲಿಸಿದರು. ಮೈದಾಹಿಟ್ಟಿಗೆ ತಣ್ಣನೆಯ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉಜ್ಜಿ ಪುಡಿಪುಡಿ ಮಾಡಬೇಕು. ಅಂಗೈ ತಾಗಬಾರದು, ಬೆಣ್ಣೆ ಕರಗಿಬಿಡುತ್ತದೆ. ಸಕ್ಕರೆ, ಒಣದ್ರಾಕ್ಷಿ, ಚಿಟಿಕೆ ಜಾಯಿಕಾಯಿ, ಒಂದು ಮೊಟ್ಟೆ. ಕಲಸಿ ಕಿರುಬೆರಳಿನ ದಪ್ಪಕ್ಕೆ ಲಟ್ಟಿಸಿ, ಲೋಟದ ಬಾಯಿಯಲ್ಲಿ ದುಂಡಗೆ ಕತ್ತರಿಸಿ, ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೂ ಮೂರು ನಾಲ್ಕು ನಿಮಿಷ. ಅಂಚು ಮುಟ್ಟಿ ನೋಡಿ ಇನ್ನೂ ಮೆತ್ತಗಿದ್ದರೆ ಬಿಡಬೇಕು, ಹೊರಗೆ ಕಂದಾಗಿ ನಡುವೆ ಸ್ವಲ್ಪ ಹಸಿಯ ಹದ ಉಳಿದಾಗ ತೆಗೆದು ಸಕ್ಕರೆಯಲ್ಲಿ ಹೊರಳಿಸಬೇಕು. ಆ ಕಾವಲಿ ಅವರ ಅಜ್ಜಿಯದಂತೆ. ಸಸ್ಯಾಹಾರಿಗಳಿಗೆ ಒಂದು ಸೂಚನೆ: ಹಳೆಯ ಪದ್ಧತಿಯಲ್ಲಿ ಬೆಣ್ಣೆಯ ಜೊತೆ ಹಂದಿಯ ಕೊಬ್ಬನ್ನೂ ಹಾಕುವುದುಂಟು, ಅಂಗಡಿಯಲ್ಲಿ ಕೊಳ್ಳುವಾಗ ಕೇಳಿ. ಕೇರ್‌ಫಿಲಿ ಚೀಸ್, ಲೀಕ್ ಸೊಪ್ಪು, ಬ್ರೆಡ್ಡಿನ ಪುಡಿ ಸೇರಿಸಿ ಮಾಡುವ ಗ್ಲಾಮಾರ್ಗನ್ ಸಾಸೇಜ್ ಹೆಸರು ಕೇಳಿ ಹೆದರಬೇಕಿಲ್ಲ, ಅದರಲ್ಲಿ ಮಾಂಸವಿಲ್ಲ.

ಕರಾವಳಿಯ ಮನೆಗಳಿಗೆ ಬೇರೆಯೇ ಲೆಕ್ಕ. ಅಲ್ಲಿ ಗೋಡೆಯ ಮೇಲಿನ ಅತ್ಯಂತ ಉಪಯುಕ್ತ ಕಾಗದ ಉಬ್ಬರವಿಳಿತದ ಪಟ್ಟಿ. ನಮ್ಮ ಮಂಗಳೂರು, ಕಾರವಾರದ ಕಡಲಲ್ಲಿ ಭರತ ಇಳಿತಗಳ ವ್ಯತ್ಯಾಸ ಒಂದೆರಡು ಮೀಟರು. ದಕ್ಷಿಣ ವೇಲ್ಸಿಗೆ ತಾಗಿದ ಬ್ರಿಸ್ಟಲ್ ಚಾನೆಲ್ ಪ್ರಪಂಚದಲ್ಲೇ ಅತಿ ಹೆಚ್ಚು ಏರಿಳಿತ ಕಾಣುವ ನೀರುಗಳಲ್ಲಿ ಒಂದು. ಅದರ ಒಳತುದಿಯಲ್ಲಿ ವ್ಯತ್ಯಾಸ 14 ಮೀಟರ್ ಮುಟ್ಟುವುದುಂಟು. ಬೆಳಗ್ಗೆ ಮಕ್ಕಳು ಕೋಟೆ ಕಟ್ಟಿದ ಮರಳು ಮಧ್ಯಾಹ್ನ ಇರುವುದೇ ಇಲ್ಲ. ಬ್ರಿಟನ್ನಿನಲ್ಲಿ ಮೊಟ್ಟಮೊದಲು, 1956ರಲ್ಲಿ, ವಿಶಿಷ್ಟ ನಿಸರ್ಗ ಸೌಂದರ್ಯದ ಪ್ರದೇಶವೆಂದು ಘೋಷಣೆಯಾದ ಗವರ್ ಪರ್ಯಾಯದ್ವೀಪದ ತುದಿಯಲ್ಲಿ ರೊಸ್ಸಿಲಿ ಎಂಬ ಊರಿದೆ. ಐದು ಕಿಲೋಮೀಟರಿನಷ್ಟು ಉದ್ದದ ಮರಳ ದಂಡೆ. ಇಳಿತದ ಹೊತ್ತಿನಲ್ಲಿ 1887ರಲ್ಲಿ ಒಡೆದ ಹೆಲ್ವೇಷಿಯಾ ಎಂಬ ಹಡಗಿನ ಓಕ್ ಮರದ ಪಕ್ಕೆಲುಬುಗಳು ಮರಳಿನಿಂದ ಎದ್ದು ನಿಂತಿರುವುದು ಕಾಣುತ್ತದೆ.

ದಂಡೆಯ ಒಂದು ಕೊನೆಯಲ್ಲಿ ಸಮುದ್ರಕ್ಕೆ ಚಾಚಿಕೊಂಡ ಬಂಡೆಸಾಲು ವರ್ಮ್ಸ್ ಹೆಡ್. ಅಲ್ಲಿಗೆ ಕಲ್ಲುಗಳ ಮೇಲೆ ನಡೆದು ದಾಟಬಹುದು. ಇಳಿತದ ಹಿಂದೆ ಎರಡೂವರೆ ಗಂಟೆ, ಮುಂದೆ ಎರಡೂವರೆ ಗಂಟೆ ಮಾತ್ರ. ಯುವಕನಾಗಿದ್ದಾಗ ಕವಿ ಡೈಲನ್ ಥಾಮಸ್ ಹೊತ್ತು ಮರೆತು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ನಾವು ಉಳಿದಿದ್ದ ಮನೆಯ ಯಜಮಾನಿ ಬೀಗದ ಕೈ ಕೊಡುತ್ತಲೇ ಪಟ್ಟಿಯಲ್ಲಿ ಆ ವಾರದ ಸಮಯಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಈ ಹೊತ್ತಿಗೆ ನೀವು ಹಿಂದಿರುಗಿ ಬಂದಿರಬೇಕು, ನೀರು ಕಾಲಿಗೆ ತಾಗಿದರೆ ಈಜಿ ದಾಟಲು ಹೋಗಬೇಡಿ, ಅಲ್ಲೇ ಮೇಲೆ ಕೂತು ಇಳಿತಕ್ಕೆ ಕಾಯಿರಿ, ಎಂದು ಹೇಳಿದರು. ಬೇಸಗೆಯ ಗಡಿಯಾರ ಒಂದು ಗಂಟೆ ಮುಂದಿರುತ್ತದಲ್ಲ, ಕೆಲವು ಪಟ್ಟಿಗಳಲ್ಲಿ ಆ ಗಂಟೆ ಸೇರಿರುವುದಿಲ್ಲ ಎಂಬುದನ್ನೂ ಆಕೆಯೇ ತಿಳಿಸಿಕೊಟ್ಟರು. ಒಂದು ಗಂಟೆಯ ವ್ಯತ್ಯಾಸ ಅಂಥ ಕಡೆ ಚಿಕ್ಕದಲ್ಲ.

ಯಾವ ತಿಂಗಳು ಹೋಗಬೇಕು ಎಂಬುದನ್ನು ಏನು ನೋಡಬೇಕೆಂಬುದರ ಮೇಲೆ ನಿಶ್ಚಯಿಸಿ. ಪೆಂಬ್ರೋಕ್‌ಶೈರ್‌ನ ಸ್ಕೋಮರ್ ದ್ವೀಪಕ್ಕೆ 40,000ಕ್ಕೂ ಹೆಚ್ಚು ಪಫಿನ್ ಹಕ್ಕಿಗಳು ನೆಲದ ಬಿಲಗಳಲ್ಲಿ ಗೂಡು ಮಾಡಲು ಬರುತ್ತವೆ. ಏಪ್ರಿಲ್‌ನಲ್ಲಿ ಬಂದವು ಜುಲೈ ಮುಗಿಯುವುದರೊಳಗೆ ಕಡಲಿಗೆ ಹೊರಟುಹೋಗುತ್ತವೆ. ಶಾಲೆಯ ಬೇಸಗೆ ರಜೆಯನ್ನೇ ನಂಬಿ ಆಗಸ್ಟಿನಲ್ಲಿ ಹೋದ ಮಕ್ಕಳಿಗೆ ಕಾಣುವುದು ಖಾಲಿ ಬಿಲಗಳು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಾದರೆ ಅದೇ ಕರಾವಳಿಯ ಕೊಲ್ಲಿಗಳಲ್ಲಿ ಬಿಳಿ ತುಪ್ಪಳದ ಸೀಲ್ ಮರಿಗಳು ಕಲ್ಲುಗಳ ನಡುವೆ ಮಲಗಿರುತ್ತವೆ, ಬೆಟ್ಟದ ಅಂಚಿನಿಂದ ಸದ್ದಿಲ್ಲದೆ ನೋಡಬಹುದು. 1970ರಲ್ಲಿ ತೆರೆದ 186 ಮೈಲಿಯ ಕರಾವಳಿ ಕಾಲುದಾರಿ ವರ್ಷವಿಡೀ ನಡೆಯುವವರಿಗೆ ಮುಕ್ತ. ವಸಂತದಲ್ಲಿ ಕುರಿಗಳು ಈಯುವ ಕಾಲ, ಆಗ ಹೊಲಗಳ ಮೇಲೆ ಹಾಯುವವರು ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಳ್ಳಬೇಕು, ಗೇಟು ಹೇಗಿತ್ತೋ ಹಾಗೇ ಬಿಟ್ಟುಹೋಗಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಳಿಗಾಲದ ಮೊದಲ ಭಾಗ. ನಾಲ್ಕು ಗಂಟೆಗೆ ಕತ್ತಲಾಗುತ್ತದೆ, ಚಹಾದಂಗಡಿಗಳು ಅರ್ಧಕ್ಕರ್ಧ ಮುಚ್ಚಿರುತ್ತವೆ, ದೋಣಿಗಳು ನಿಂತಿರುತ್ತವೆ. ಆದರೆ ಯಜಮಾನರಿಗೆ ಮಾತಾಡಲು ಪುರುಸೊತ್ತಿರುತ್ತದೆ, ಬಾಡಿಗೆ ಆಗಸ್ಟಿನದಕ್ಕಿಂತ ಎಷ್ಟೋ ಕಡಿಮೆ. ಆ ದಿನಗಳಲ್ಲಿ ಹೋಗುವುದರಿಂದ ಅವರಿಗೂ ಉಪಕಾರವಿದೆ. ವೇಲ್ಸ್ ಸರಕಾರ 2023ರ ಏಪ್ರಿಲ್‌ನಿಂದ ಒಂದು ನಿಯಮ ತಂದಿತು: ರಜೆಯ ಬಾಡಿಗೆಮನೆಯನ್ನು ವ್ಯಾಪಾರವೆಂದು ಪರಿಗಣಿಸಬೇಕಾದರೆ ಅದು ವರ್ಷದಲ್ಲಿ 252 ದಿನ ಬಾಡಿಗೆಗೆ ಸಿಗುವಂತಿರಬೇಕು, 182 ದಿನವಾದರೂ ನಿಜವಾಗಿ ಬಾಡಿಗೆಗೆ ಹೋಗಿರಬೇಕು. ಮೊದಲು ಇದು 140 ಮತ್ತು 70 ದಿನ ಇತ್ತು. ಲೆಕ್ಕ ಮುಟ್ಟದ ಮನೆಗೆ ವಾಸದ ಮನೆಗಳ ಮೇಲೆ ಹಾಕುವ ಕೌನ್ಸಿಲ್ ತೆರಿಗೆ ಬೀಳುತ್ತದೆ, ಎರಡನೇ ಮನೆಯೆಂದು ಕಂಡುಬಂದರೆ ಅದರ ಮೇಲೆ 300%ವರೆಗೂ ಹೆಚ್ಚುವರಿ ಹೇರಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರವಿದೆ. ಬೇಸಗೆಯ ಜನರಿಂದಷ್ಟೇ 182 ತುಂಬುವುದು ಕಷ್ಟ. ಕೊಟ್ಟಿಗೆಯೊಂದನ್ನು ಮನೆ ಮಾಡಿ ಬಾಡಿಗೆಗೆ ಬಿಟ್ಟು, ಕುರಿ ಸಾಕಣೆಯಲ್ಲಿ ಕೈಗೆ ಬಾರದ್ದನ್ನು ಅದರಲ್ಲಿ ಸರಿದೂಗಿಸುವ ರೈತರಿಗೆ ನವೆಂಬರ್‌ನ ಒಂದು ವಾರ, ಫೆಬ್ರವರಿಯ ಒಂದು ವಾರ ಬಹಳ ಮುಖ್ಯ.

ಈ ನಿಯಮ ಯಾಕೆ ಬಂತು ಎಂಬುದು ನನಗೆ ಮನವರಿಕೆಯಾಗಿದ್ದು ಅಮ್ಮ ಬಂದಿದ್ದಾಗ, ಎಲಾನ್ ಕಣಿವೆಯಲ್ಲಿ.

ಮಧ್ಯ ವೇಲ್ಸ್‌ನ ರೇಯಡರ್ ಎಂಬ ಊರಿನ ಮೇಲ್ಗಡೆ ಎಲಾನ್ ಕಣಿವೆ. ಅಲ್ಲಿ ನಾವು ಉಳಿದದ್ದು ಹಳೆಯ ಕಾಲದ ಒಂದು ಉದ್ದಮನೆಯಲ್ಲಿ. ಒಂದೇ ಸೂರು, ನಡುವೆ ಅಡ್ಡಲಾಗಿ ಒಂದು ಓಣಿ, ಒಂದು ಕಡೆ ಮನುಷ್ಯರು, ಇನ್ನೊಂದು ಕಡೆ ದನ. ಈಗ ದನದ ಭಾಗವೂ ಕೋಣೆಯಾಗಿದೆ. ಅಮ್ಮ ಕೋಟು ಬಿಚ್ಚುವ ಮೊದಲೇ ಒಂದು ಸುತ್ತು ಹಾಕಿ, ನೆಲ ನೋಡಿ, ಹೊರಗೆ ಹೋಗಿ ಮನೆಯ ಹಿಂಬದಿ ನೋಡಿ ಬಂದರು. "ಅಲ್ಲ ಮಾರಾಯ್ತಿ, ಕೊಟ್ಟಿಗೆ ಇಳಿಜಾರಿನ ಕಡೆ ಕಟ್ಟಿದ್ದಾರೆ ನೋಡು. ಗಂಜಲ ಮನೆಯೊಳಗೆ ಬರಬಾರದು ಅಂತ. ದನ ಕಟ್ಟಿದವರೇ ಕಟ್ಟಿದ ಮನೆ ಇದು" ಎಂದರು. ಹೌದಮ್ಮ ಎಂದೆ. ಮರುದಿನ ಯಜಮಾನಿ ಸೌದೆ ತಂದಾಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಖುಷಿಯಿಂದ ಅಮ್ಮನ ಕೈ ಹಿಡಿದುಕೊಂಡು ಹಿತ್ತಿಲಿಗೆ ಕರೆದೊಯ್ದು ಕಲ್ಲಿನ ಚರಂಡಿ ತೋರಿಸಿದರು. ಕಾರ್ಡಿಫ್ ಹತ್ತಿರದ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯದಲ್ಲಿ ಇದೇ ಬಗೆಯ ಒಂದು ಮನೆಯನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ, ಆದರೆ ಅಲ್ಲಿ ರಾತ್ರಿ ಮಲಗಲು ಆಗುವುದಿಲ್ಲವಲ್ಲ.

ಆ ಕಣಿವೆಯ ಅಣೆಕಟ್ಟುಗಳನ್ನು ಕಟ್ಟಿಸಿದ್ದು ಬರ್ಮಿಂಗ್‌ಹ್ಯಾಮ್ ನಗರಸಭೆ, 1893ರಿಂದ 1904ರವರೆಗೆ. ನೀರು ಪಂಪಿಲ್ಲದೆ, ಬರೀ ಇಳಿಜಾರಿನಿಂದಲೇ 73 ಮೈಲಿ ಹರಿದು ನಮ್ಮ ಊರಿಗೆ ಬರುತ್ತದೆ. ನಾವು ದಿನಾ ಅನ್ನ ಮಾಡುವ ನೀರು ಅದೇ. ಅಮ್ಮನಿಗೆ ಇದು ಆಶ್ಚರ್ಯ. ಮುಳುಗಿದ ಕಣಿವೆಯಲ್ಲಿ ಮನೆಗಳಿದ್ದವು, ಸುಮಾರು ನೂರು ಜನ ಎದ್ದುಹೋಗಬೇಕಾಯಿತು, ಪರಿಹಾರ ಸಿಕ್ಕಿದ್ದು ಜಮೀನಿನ ಒಡೆಯರಿಗೆ ಮಾತ್ರ ಎಂದು ಹೇಳಿದಾಗ ಅವರು ಏನೂ ಮಾತಾಡಲಿಲ್ಲ. ಅಮ್ಮನ ತವರು ಶರಾವತಿಯ ಮುಳುಗಡೆಯಲ್ಲಿ ಹೋದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರಿನ್ನೂ ಚಿಕ್ಕ ಹುಡುಗಿ. ನಮ್ಮ ಕಡೆ ಇವತ್ತಿಗೂ ಸಂಬಂಧ ಹೇಳುವಾಗ "ಅವರು ಮುಳುಗಡೆಯವರು" ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಜಮೀನಿನ ಹಕ್ಕುಪತ್ರದ ಮಾತು ಇನ್ನೂ ಮುಗಿದಿಲ್ಲ.

ರಾತ್ರಿ ಊಟವಾದ ಮೇಲೆ ಯಜಮಾನಿ ಬಂದು ಕೂತರು. ಅವರ ಬಾಯಿಂದಲೇ ನಾವು ಟ್ರಿವೆರಿನ್ ಕಣಿವೆಯ ಕಥೆ ಕೇಳಿದ್ದು. ಉತ್ತರ ವೇಲ್ಸ್‌ನ ಬಾಲಾ ಪಟ್ಟಣದ ಹತ್ತಿರ ಕಾಪೆಲ್ ಕೆಲಿನ್ ಎಂಬ ಹಳ್ಳಿ. ಪೂರ್ತಿ ವೆಲ್ಶ್ ಮಾತಾಡುವ ಊರು, ಪ್ರಾರ್ಥನಾಮಂದಿರ, ಶಾಲೆ, ಅಂಚೆ ಕಚೇರಿ ಎಲ್ಲ ಇತ್ತು. ಲಿವರ್‌ಪೂಲ್‌ಗೆ ನೀರು ಬೇಕೆಂದು 1957ರಲ್ಲಿ ಪಾರ್ಲಿಮೆಂಟು ಮಸೂದೆ ಪಾಸು ಮಾಡಿತು. ವೇಲ್ಸ್‌ನ 36 ಸಂಸದರಲ್ಲಿ ಒಬ್ಬರೂ ಅದರ ಪರ ಮತ ಹಾಕಲಿಲ್ಲ, ಆದರೂ ಪಾಸಾಯಿತು. 1965ರಲ್ಲಿ ಊರು ನೀರಿನಡಿ ಹೋಯಿತು. ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದ್ದು 2005ರಲ್ಲಿ. ಆಬರಿಸ್ಟ್ವಿತ್‌ನಿಂದ ದಕ್ಷಿಣಕ್ಕೆ ಹೋಗುವ ಕರಾವಳಿ ರಸ್ತೆಯ ಪಕ್ಕದಲ್ಲಿ ಬಿದ್ದ ಮನೆಯೊಂದರ ಗೋಡೆಯ ಮೇಲೆ ಟ್ರಿವೆರಿನ್ ಅನ್ನು ನೆನಪಿಡಿ ಎಂದು ಕೆಂಪು ಬಣ್ಣದ ಮೇಲೆ ಬಿಳಿಯಲ್ಲಿ ಬರೆದಿದೆ. ಆ ದಾರಿಯಲ್ಲಿ ರಜೆಗೆಂದು ಹೋಗುವ ಸಾವಿರಾರು ಕಾರುಗಳು ಅದನ್ನು ದಾಟಿಹೋಗುತ್ತವೆ. ಅಮ್ಮ ಆಕೆಯನ್ನು ಕೇಳಿದ್ದು ಒಂದೇ ಪ್ರಶ್ನೆ, ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ: "ಹೋದವರೆಲ್ಲ ಒಂದೇ ಕಡೆ ಉಳಿದರಾ, ಚದುರಿಹೋದರಾ?" ಚದುರಿಹೋದರು ಎಂದರು ಆಕೆ. ಅಮ್ಮ ತಲೆಯಾಡಿಸಿದರು. ನಮ್ಮವರೂ ಹಾಗೇ ಎಂದು ಆಕೆಗೆ ನಾನೇ ಹೇಳಬೇಕಾಯಿತು.

ನೀರಿನಿಂದ ಖಾಲಿಯಾದ ಹಳ್ಳಿಗಳ ನೆನಪು ಇರುವ ಜನರಿಗೆ ಬೇರೆ ರೀತಿಯಲ್ಲಿ ಖಾಲಿಯಾಗುವ ಹಳ್ಳಿಗಳು ಎಷ್ಟು ನೋವು ಕೊಡುತ್ತವೆ ಎಂಬುದು ಆಮೇಲೆ ನನಗೆ ಅರ್ಥವಾಗತೊಡಗಿತು. ವಾಯವ್ಯ ವೇಲ್ಸ್‌ನ ಲ್ಲೀನ್ ಪರ್ಯಾಯದ್ವೀಪ ಬಹಳ ಸುಂದರ; ಅಲ್ಲಿನ ಅಬರ್ಸೋಕ್ ಎಂಬ ಕಡಲೂರು ದೋಣಿ, ಮರಳು, ದುಬಾರಿ ಮನೆಗಳಿಗೆ ಹೆಸರುವಾಸಿ. ಆ ಊರಿನ ಪ್ರಾಥಮಿಕ ಶಾಲೆ 2021ರ ಡಿಸೆಂಬರ್‌ನಲ್ಲಿ ಮುಚ್ಚಿತು. ಮಕ್ಕಳ ಸಂಖ್ಯೆ ಬೆರಳೆಣಿಕೆಗೆ ಇಳಿದಿತ್ತು. ಬೇಸಗೆಯಲ್ಲಿ ಹೆಜ್ಜೆ ಇಡಲು ಜಾಗವಿಲ್ಲದ ಊರಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಲ್ಲ ಎಂದರೆ ಮನೆಗಳೆಲ್ಲ ರಜೆಗಷ್ಟೇ ಬರುವವರ ಕೈಗೆ ಹೋಗಿವೆ ಎಂಬುದು ಊಹಿಸಬಹುದು; 182 ದಿನದ ನಿಯಮ ಬಂದದ್ದೂ ಇದಕ್ಕೇ. ಆ ಪ್ರದೇಶ ಗ್ವಿನೆಡ್ ಜಿಲ್ಲೆಗೆ ಸೇರಿದ್ದು. 2021ರ ಜನಗಣತಿಯ ಪ್ರಕಾರ ಅಲ್ಲಿ ನೂರಕ್ಕೆ 64 ಜನ ವೆಲ್ಶ್ ಬಲ್ಲವರು, ಇಡೀ ವೇಲ್ಸ್‌ನಲ್ಲಿ 18ಕ್ಕಿಂತ ಕಡಿಮೆ. ಆಡುವವರು ಅಲ್ಲಿ ಬಾಳಲಾಗದೆ ಎದ್ದುಹೋದರೆ ಆ ಭಾಷೆಗೆ ಹೋಗಲು ಇನ್ನೊಂದು ಊರಿಲ್ಲ. ಕನ್ನಡದವಳಾಗಿ ಈ ಮಾತನ್ನು ನಾನು ಹಗುರವಾಗಿ ಬರೆಯುತ್ತಿಲ್ಲ.

ಹಾಗಾದರೆ ಹೋಗುವುದನ್ನೇ ಬಿಡಬೇಕೆ? ಇದನ್ನೂ ನಾನು ಅಲ್ಲಿಯವರನ್ನೇ ಕೇಳಿದ್ದೇನೆ. ಬರಬೇಡಿ ಎಂದವರು ಒಬ್ಬರೂ ಇಲ್ಲ. ಸಾಮಾನು ತುಂಬಿದ ಡಿಕ್ಕಿಯೊಂದಿಗೆ ಬಂದು, ಊರಿನ ಅಂಗಡಿಯಲ್ಲಿ ಒಂದು ಹಾಲಿನ ಬಾಟಲಿಯನ್ನೂ ಕೊಳ್ಳದೆ ಹೋಗುವವರ ಬಗ್ಗೆ ಬೇಸರವಿದೆ. ಇದನ್ನು ಕೇಳಿದ ಮೇಲೆ ನಾನು ಬರ್ಮಿಂಗ್‌ಹ್ಯಾಮ್‌ನಿಂದ ಒಯ್ಯುವುದು ಸಾರಿನ ಪುಡಿ, ಬೇಳೆ, ಅಕ್ಕಿ, ಸಾಸಿವೆ ಇಷ್ಟೇ. ತರಕಾರಿ, ಹಾಲು, ಬೆಣ್ಣೆ, ಬ್ರೆಡ್ಡು ಅಲ್ಲೇ. ರಸ್ತೆ ಬದಿಯ ಪೆಟ್ಟಿಗೆಗಳಲ್ಲಿ ಮೊಟ್ಟೆ, ಜಾಮು, ಸೌದೆಯ ಚೀಲ ಇಟ್ಟಿರುತ್ತಾರೆ, ದುಡ್ಡು ಹಾಕಲು ಒಂದು ಡಬ್ಬಿ. ಅದಕ್ಕೆಂದೇ ಚಿಲ್ಲರೆ ಇಟ್ಟುಕೊಂಡಿರುತ್ತೇನೆ.

ಲ್ಲೀನ್‌ನಲ್ಲೇ ಮನಸ್ಸಿಗೆ ಧೈರ್ಯ ಕೊಡುವ ಒಂದು ಜಾಗವೂ ಇದೆ. ನಾಂಟ್ ಗುರ್ಥೇರ್ನ್, ಬೆಟ್ಟದ ಬುಡದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಕಲ್ಲುಗಣಿ ಕಾರ್ಮಿಕರ ಊರು. ಗಣಿ ಮುಚ್ಚಿತು, ಜನ ಹೋದರು, 1959ರ ಹೊತ್ತಿಗೆ ಕೊನೆಯವರೂ ಹೊರಟರು. ಮಾಡುಗಳು ಕುಸಿದವು. ಪಕ್ಕದ ಊರಿಗೆ ಬಂದಿದ್ದ ವೈದ್ಯ ಕಾರ್ಲ್ ಕ್ಲೌಸ್ ಮುಂದೆ ನಿಂತು, 1978ರಲ್ಲಿ ಒಂದು ಟ್ರಸ್ಟಿನ ಹೆಸರಿನಲ್ಲಿ ಆ ಊರನ್ನು ಕೊಂಡು, ವೆಲ್ಶ್ ಕಲಿಸುವ ಕೇಂದ್ರವಾಗಿ ಎಬ್ಬಿಸಿದರು. ಈಗ ಎರಡು ಸಾಲು ಮನೆಗಳು ಮತ್ತೆ ಎದ್ದುನಿಂತಿವೆ, ಕಲಿಯಲು ಬಂದವರೂ ರಜೆಗೆ ಬಂದವರೂ ಅವುಗಳಲ್ಲಿ ಉಳಿಯುತ್ತಾರೆ. ಇಳಿಯುವ ದಾರಿ ತಿರುವುಮುರುವು, ಕಡಿದಾದದ್ದು. ಮೇಲಿನ ಲ್ಲಿತ್ವೈನ್ ಹಳ್ಳಿಯ ತಾವರ್ನ್ ಅ ವಿಕ್ ಎಂಬ ಪಬ್ಬನ್ನು 1988ರಿಂದ ಊರಿನವರೇ ಸಹಕಾರಿ ಪದ್ಧತಿಯಲ್ಲಿ ನಡೆಸುತ್ತಿದ್ದಾರೆ. ಕುಡಿಯದವರೂ ಹೋಗಬಹುದು. ನಾವು ನಿಂಬೆ ಪಾನಕ ಹಿಡಿದು ಮೂಲೆಯಲ್ಲಿ ಕೂತಿದ್ದಾಗ ಪಕ್ಕದ ಮೇಜಿನವರು ತಮ್ಮ ಭಾಷೆಯಲ್ಲಿ ಜೋರಾಗಿ ಹರಟುತ್ತಾ ನಡುವೆ ನಮ್ಮ ಕಡೆ ತಿರುಗಿ ಎಲ್ಲಿಯವರು, ನಿಮ್ಮ ಭಾಷೆ ಯಾವುದು, ಎಷ್ಟು ಜನ ಆಡುತ್ತೀರಿ ಎಂದು ಕೇಳಿದರು. ಕೋಟಿಗಟ್ಟಲೆ ಎಂದಾಗ ಒಬ್ಬರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

2025ರಲ್ಲಿ ವೇಲ್ಸ್‌ನ ಸಂಸತ್ತು ಸೆನೆಡ್ ಇನ್ನೊಂದು ಕಾನೂನು ಮಾಡಿದೆ. ಇಷ್ಟಪಟ್ಟ ಸ್ಥಳೀಯ ಸಂಸ್ಥೆಗಳು 2027ರಿಂದ ಪ್ರವಾಸಿಗರ ಮೇಲೆ ತಲೆಗೆ ರಾತ್ರಿಗೆ 1.30 ಪೌಂಡಿನಷ್ಟು ಶುಲ್ಕ ಹಾಕಬಹುದು. ನಮ್ಮ ಬಳಗದಲ್ಲಿ ಇದಕ್ಕೆ ಗೊಣಗಿದವರಿದ್ದಾರೆ. ಕಾಲುದಾರಿ, ಶೌಚಾಲಯ, ಕಸ ಎಲ್ಲ ನಮ್ಮಿಂದಲೂ ಸವೆಯುತ್ತದಲ್ಲ, ನಾನು ಸಂತೋಷದಿಂದ ಕೊಡುತ್ತೇನೆ. ಬರುವ ಫೆಬ್ರವರಿಗೆ ನಾಂಟ್ ಗುರ್ಥೇರ್ನ್‌ನಲ್ಲಿ ಮನೆ ಕೇಳಿದ್ದೇನೆ, ಮಗಳು ವಾರದ ವೆಲ್ಶ್ ತರಗತಿಗೂ ಹೆಸರು ಕೊಟ್ಟಿದ್ದಾಳೆ. ಆ ವಾರಕ್ಕೆ ಬರುವವರಿದ್ದರೆ ಬೆಚ್ಚನೆಯ ಕಾಲುಚೀಲ, ನೀರು ಹಿಡಿಯದ ಬೂಟು ಮತ್ತು ಇಂಡಕ್ಷನ್‌ಗೆ ಒಗ್ಗುವ ಕುಕ್ಕರ್ ತನ್ನಿ. ಸೌದೆಯನ್ನು ಅಲ್ಲೇ ಕೊಳ್ಳೋಣ.